ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ, ಎಡಗಡೆ ಬಾಗಿಲಿಗೆ ಉದ್ದ ಗೀರು: ಇನ್ಶೂರೆನ್ಸ್ ಕ್ಲೇಮ್ ಮಾಡಲಾ, ಹೊರಗೆ ಪೇಂಟ್ ಮಾಡಿಸಲಾ?

ಎರಡೂ ಬೇಡ. ಇದೇ ಕಾರು, ಇದೇ ಎಡಗಡೆ, ಇದೇ ತಲೆಬಿಸಿ ನನಗೂ ಬಂದಿತ್ತು.

ನನ್ನದು 1.2 ಲೀಟರ್ ಟಿಎಸ್‌ಐ, ಅಂದರೆ ಟರ್ಬೊ ಪೆಟ್ರೋಲ್ ಎಂಜಿನ್, ಕಾರ್ಬನ್ ಸ್ಟೀಲ್ ಬಣ್ಣ, ಊರು ಬೆಂಗಳೂರು. ಸಿಗ್ನಲ್‌ನಲ್ಲಿ ನಿಂತಿದ್ದಾಗ ಕಾರಿಗೂ ಫುಟ್‌ಪಾತಿಗೂ ಮಧ್ಯೆ ಇದ್ದ ಸಂದಿಯಲ್ಲಿ ಒಬ್ಬ ಬೈಕಿನವನು ತೂರಿದ. ಹ್ಯಾಂಡಲ್ ತುದಿ ಹಿಂದಿನ ಚಕ್ರದ ಮೇಲಿಂದ ಮುಂದಿನ ಬಾಗಿಲವರೆಗೂ ಗೀರಿಕೊಂಡು ಹೋಯಿತು. ಅವನು ತಿರುಗಿ ಒಮ್ಮೆ ಕೈ ಎತ್ತಿದ, ಅಷ್ಟೇ. ನೆಗ್ಗು ಏನೂ ಇರಲಿಲ್ಲ, ಬರೀ ಗೀರು. ಅದನ್ನು ಹಾಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಸರ್ವಿಸ್ ಅಡ್ವೈಸರ್ ಪಾಲಿಸಿ ನೋಡಿದ. "ಸರ್, ಝೀರೋ ಡೆಪ್ ಇದೆ, ನಿಮಗೆ ಬೀಳೋದು ಸಾವಿರ ರೂಪಾಯಿ ಫೈಲ್ ಚಾರ್ಜ್ ಅಷ್ಟೇ, ಪೂರ್ತಿ ಎಡಗಡೆ ಹೊಸದರ ಥರ ಮಾಡಿಕೊಡ್ತೀವಿ" ಅಂದ. ಝೀರೋ ಡೆಪ್ ಅಂದರೆ ಸವಕಳಿ ಅಂತ ಕ್ಲೇಮಿನಲ್ಲಿ ದುಡ್ಡು ಕಡಿತ ಮಾಡದ ಆಡ್-ಆನ್. ನಾನು ಆ ಸಾವಿರವನ್ನು ಮಾತ್ರ ನೋಡಿದೆ. ಕ್ಲೇಮ್ ಫಾರ್ಮಿಗೆ ಸಹಿ ಹಾಕಿದೆ. ಆ ಸಹಿ ನನಗೆ ಎಷ್ಟಕ್ಕೆ ಬಿತ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದನ್ನು ಮುಂಚೆ ನನಗೆ ಯಾರೂ ಹೇಳಿರಲಿಲ್ಲ.

ಅವರು ಫೈಲ್ ಚಾರ್ಜ್ ಅನ್ನುವುದು ನಿಜಕ್ಕೂ ಫೈಲಿನ ಖರ್ಚಲ್ಲ. 1500 ಸಿಸಿ ಒಳಗಿನ ಕಾರುಗಳಿಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಕೊಡಬೇಕಾದ ಕಡ್ಡಾಯ ಪಾಲು ಅದು. ಅದು ಚಿಲ್ಲರೆ ಕಾಸು. ದೊಡ್ಡ ಏಟು ಬೀಳುವುದು ಎನ್‌ಸಿಬಿಗೆ, ಅಂದರೆ ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿಗೆ. ಮೊದಲ ವರ್ಷಕ್ಕೆ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷಕ್ಕೆ 50. ನಾನು 50ರಲ್ಲಿದ್ದೆ. ಒಂದು ಕ್ಲೇಮ್, ಸೀದಾ ಸೊನ್ನೆ. ಸುಮ್ನೆ ಲೆಕ್ಕಕ್ಕೆ, ರಿಯಾಯಿತಿಗೆ ಮುಂಚೆ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಕಾರಿನ ಹಾನಿಗೆ ಕಟ್ಟುವ ಭಾಗ) 12,000 ರೂಪಾಯಿ ಅಂದುಕೊಳ್ಳಿ. ಮೊದಲ ವರ್ಷ 6,000 ಹೋಯಿತು. ಮುಂದಿನ ವರ್ಷ 20 ಸಿಗುತ್ತದೆ, 50 ಸಿಗಬೇಕಿತ್ತು, ಅಲ್ಲಿ 3,600 ಹೋಯಿತು. ಆಮೇಲೆ 3,000, ಆಮೇಲೆ 1,800, ಕೊನೆಗೆ 600. ಒಟ್ಟು 15,000. ಕಾರಿನ ಬೆಲೆ ಇಳಿದಂತೆ ಪ್ರೀಮಿಯಮ್ಮೂ ಇಳಿಯುವುದರಿಂದ ಇದು ಸ್ವಲ್ಪ ಕಮ್ಮಿಯಾಗಬಹುದು, ಆದರೂ ಲೆಕ್ಕದ ದಾರಿ ಇದೇ. ಐದು ವರ್ಷ ಕಂತು ಕಟ್ಟುತ್ತೀರಿ, ಯಾವುದರ ಕಂತು ಅನ್ನುವುದೂ ಮರೆತಿರುತ್ತದೆ. ಎನ್‌ಸಿಬಿ ಉಳಿಸುವ ಆಡ್-ಆನ್ ಇರುತ್ತದೆ. ನನ್ನ ಪಾಲಿಸಿಯಲ್ಲಿ ಇರಲಿಲ್ಲ, ಅಡ್ವೈಸರ್ ಅದನ್ನು ನೋಡಲೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಬಂಪರಿನ ಮೂಲೆಯಲ್ಲಿ ಹಳೇ ತರಚು ಒಂದಿತ್ತು, ನಮ್ಮ ಬೇಸ್‌ಮೆಂಟಿನ ಕಂಬದ ಕೃಪೆ. ಅದನ್ನೂ ಇದೇ ಕ್ಲೇಮಿಗೆ ಸೇರಿಸೋಣ ಅಂದರು. ಇನ್ಶೂರೆನ್ಸ್ ಕಂಪನಿ ಕಡೆಯ ಸರ್ವೇಯರ್ ಬಂದು ನೋಡಿದ, ಗೀರಿನ ಎತ್ತರಕ್ಕೂ ಬಂಪರಿನ ಏಟಿಗೂ ತಾಳೆಯಾಗಲ್ಲ ಅಂತ ತೆಗೆದುಹಾಕಿದ. ಅವನು ಮಾಡಿದ್ದು ಸರಿಯೇ, ಬೇರೆ ಘಟನೆ ಅಂದರೆ ಬೇರೆ ಕ್ಲೇಮ್. ಆದರೆ ಅಷ್ಟರಲ್ಲಿ ಬಂಪರ್ ಬಿಚ್ಚಿ ಉಜ್ಜಿ ಆಗಿತ್ತು, ಆ ದುಡ್ಡು ನನ್ನ ಜೇಬಿನಿಂದ ಹೋಯಿತು.

ಇನ್ನು ಬಣ್ಣ. ಮೆಟಾಲಿಕ್ ಪೇಂಟಿನಲ್ಲಿ ಸಣ್ಣ ಸಣ್ಣ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಸ್ಪ್ರೇ ಗನ್ನಿನ ಒತ್ತಡ, ಕೈಯ ದೂರ ಸ್ವಲ್ಪ ಬದಲಾದರೂ ಅವು ಬೇರೆ ಥರ ಮಲಗುತ್ತವೆ. ಪೇಂಟ್ ಕೋಡ್ ಒಂದೇ ಆದರೂ ಬಣ್ಣ ಒಂದೇ ಕಾಣಲ್ಲ. ಒಳ್ಳೆ ಪೇಂಟರ್ ಪಕ್ಕದ ಪ್ಯಾನೆಲ್ ಮೇಲೂ ತೆಳುವಾಗಿ ಹಾಯಿಸಿ ಬೆರೆಸುತ್ತಾನೆ. ನನ್ನ ಫೈಲಿನಲ್ಲಿ ಮಂಜೂರಾಗಿದ್ದಷ್ಟಕ್ಕೇ ಬಣ್ಣ ಹೊಡೆದರು. ವರ್ಕ್‌ಶಾಪಿನ ಟ್ಯೂಬ್‌ಲೈಟ್ ಕೆಳಗೆ ಸೊಗಸಾಗಿತ್ತು, ಮಧ್ಯಾಹ್ನದ ಬಿಸಿಲಿಗೆ ಬಂದರೆ ಮುಂದಿನ ಫೆಂಡರ್ ಒಂದು ಕಾರು, ಬಾಗಿಲು ಇನ್ನೊಂದು ಕಾರು. ಗೀರಿದ್ದಾಗ ಯಾರೂ ಕೇಳಿರಲಿಲ್ಲ, ಬಣ್ಣ ಹೊಡೆಸಿದ ಮೇಲೆ ಎಲ್ಲರೂ "ಏನಾಗಿತ್ತು?" ಅಂತ ಕೇಳುವವರೇ.

ಮಾರಲು ಹೋದಾಗ ಇದರ ನಿಜವಾದ ಬೆಲೆ ಗೊತ್ತಾಯಿತು. ನೋಡಲು ಬಂದವನು ಪೇಂಟ್ ದಪ್ಪ ಅಳೆಯುವ ಮೀಟರ್ ತಂದಿದ್ದ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100-120 ಮೈಕ್ರಾನ್ ಆಸುಪಾಸು ಇರುತ್ತದೆ, ಮತ್ತೆ ಹೊಡೆದಲ್ಲಿ ಅದರ ದುಪ್ಪಟ್ಟು ತೋರಿಸುತ್ತದೆ, ಪುಟ್ಟಿ ಇದ್ದರೆ ಇನ್ನೂ ಜಾಸ್ತಿ. ನನ್ನ ಎಡಗಡೆಯೆಲ್ಲ ದುಪ್ಪಟ್ಟು. ಬೈಕ್ ಗೀರಿದ ಕಥೆ ಹೇಳಿದರೆ ನಂಬುತ್ತಾರಾ? ಬೇರೆ ಯಾವುದೋ ಫ್ಯಾಮಿಲಿ ಕಾರಾಗಿದ್ದರೆ ನಂಬುತ್ತಿದ್ದರೇನೋ. 105 ಕುದುರೆ ಶಕ್ತಿಯ ಸಣ್ಣ ಕಾರು, ಮೇಲೆ ಜಿಟಿ ಬ್ಯಾಡ್ಜ್ ಬೇರೆ, ಯಾವನೋ ಹುಡುಗ ಘಾಟಿಯಲ್ಲಿ ತಿರುವು ತಪ್ಪಿ ಗೋಡೆಗೆ ಗುದ್ದಿದ್ದಾನೆ ಅಂತಲೇ ಲೆಕ್ಕ. ರೇಟು ಕುಯ್ದ. ನಾನು ಕೊಡಲಿಲ್ಲ, ಕಾರು ಈಗಲೂ ನನ್ನ ಹತ್ತಿರವೇ ಇದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. ಇಂಥ ಕಾರಿನಲ್ಲಿ ಗೀರಿರುವ ಫ್ಯಾಕ್ಟರಿ ಪೇಂಟಿಗೆ ಫಳಫಳ ಹೊಳೆಯುವ ಹೊಸ ಪೇಂಟಿಗಿಂತ ಬೆಲೆ ಜಾಸ್ತಿ. 2022ರಲ್ಲೇ ಪೋಲೋ ಇಲ್ಲಿ ನಿಂತುಹೋಯಿತು, ಒರಿಜಿನಲ್ ಆಗಿ ಉಳಿದ ಕಾರುಗಳನ್ನು ಹುಡುಕಿಕೊಂಡು ಬರುವವರಿದ್ದಾರೆ.

ಗೀರಿನ ಮೇಲೆ ಅಡ್ಡಡ್ಡ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಕ್ಲಿಯರ್ ಕೋಟಿನಲ್ಲೇ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲೇ ಇದೆ, ರಬ್ಬಿಂಗ್ ಕಾಂಪೌಂಡ್ ಹಾಕಿ ಬಟ್ಟೆಯಿಂದ ಕೈಯಲ್ಲೇ ಉಜ್ಜಿ, ಮುಕ್ಕಾಲು ಪಾಲು ಹೋಗುತ್ತದೆ. ಮೆಷಿನ್ ಹಾಕಿಸುವ ಚಟ ಮಾತ್ರ ಬೇಡ, ಆ ಪದರ ಇರುವುದೇ 40-50 ಮೈಕ್ರಾನ್. ಉಗುರು ಸಿಕ್ಕಿಕೊಂಡರೆ ಟಚ್-ಅಪ್ ಪೇಂಟ್ ತನ್ನಿ. ಪೇಂಟ್ ಕೋಡ್ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಹತ್ತಿರದ ಸ್ಟಿಕರ್ ಮೇಲೆ ಇರುತ್ತದೆ. ಗೀರನ್ನು ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಾಟಲಿಯ ಬ್ರಷ್ ಬಿಟ್ಟು ಟೂತ್‌ಪಿಕ್ ತುದಿಯಿಂದ ತುಂಬಿ. ಹತ್ತಿರ ಹೋದರೆ ಕಾಣುತ್ತದೆ. ಕಾಣಲಿ. ಬಂಪರಿಗಂತೂ ಅದೂ ಬೇಡ, ಪ್ಲಾಸ್ಟಿಕ್ ತುಕ್ಕು ಹಿಡಿಯಲ್ಲ.

ಕ್ಲೇಮ್ ಯಾವಾಗ ಅಂದರೆ ಬಾನೆಟ್, ಹೆಡ್‌ಲೈಟ್, ರೇಡಿಯೇಟರ್ ಕಡೆ ಏಟು ಬಿದ್ದಾಗ. ಆಗ ಯೋಚನೆ ಮಾಡಬೇಡಿ. ನೀವು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿರುವುದರಿಂದ ಹಳೇ ಮಾಲೀಕನ ಎನ್‌ಸಿಬಿ ನಿಮಗೆ ಬಂದಿರಲ್ಲ, ಅದು ಕಾರಿನದ್ದಲ್ಲ, ಆ ಮನುಷ್ಯನದ್ದು. ನಿಮ್ಮ ಹಿಂದಿನ ಕಾರಿನದ್ದು ಇದ್ದರೆ ಅದನ್ನು ಇದಕ್ಕೆ ತಂದಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.

ದಿನಾ ಓಡಿಸಲು ಕಷ್ಟಾನಾ ಅಂತಲೂ ಕೇಳಿದ್ದೀರಿ. ಇಲ್ಲ. ಕಂಪನಿಯ ಲೆಕ್ಕದಲ್ಲಿ ಲೀಟರಿಗೆ 17.2 ಕಿಲೋಮೀಟರ್, ಊರೊಳಗೆ ನನಗೆ ಒಂಬತ್ತು ಹತ್ತು ಸಿಗುತ್ತದೆ, ಅಷ್ಟೇ ಬೇಜಾರು. ಡಿಎಸ್‌ಜಿ, ಅಂದರೆ ಇದರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿರುವುದು ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್), ಟ್ರಾಫಿಕ್ಕಿನಲ್ಲಿ ಇರುವೆ ಥರ ಇಂಚಿಂಚು ತೆವಳಿಸಿದರೆ ಬಿಸಿಯಾಗುತ್ತದೆ. ಮುಂದೆ ಜಾಗ ಬಿಡುವವರೆಗೂ ಬ್ರೇಕ್ ಒತ್ತಿ ನಿಂತಿರಿ, ಆಮೇಲೆ ಒಂದೇ ಸಲ ಹೋಗಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಅಪಾರ್ಟ್‌ಮೆಂಟ್ ಹಂಪುಗಳನ್ನು ಓರೆಯಾಗಿ ದಾಟಿಸಿ. ಭಾನುವಾರ ಬೆಳಗಾಗುವ ಮುಂಚೆ ಎದ್ದು ಸಕಲೇಶಪುರದ ಕಡೆ ಹೊರಟರೆ ಆ 175 ಎನ್‌ಎಂ ಟಾರ್ಕ್ ಯಾಕೆ ಬೇಕು ಅಂತ ಗೊತ್ತಾಗುತ್ತದೆ, ಅಲ್ಲಿ ಬಾಗಿಲಿನ ಗೀರು ಯಾರಿಗೂ ನೆನಪಿರಲ್ಲ.

ನಿಮ್ಮ ಗೀರಿನ ತಳದಲ್ಲಿ ಬೆಳ್ಳಗೆ ಲೋಹ ಕಾಣುತ್ತಿದ್ದರೆ ಮಾತ್ರ ಮಳೆ ಶುರುವಾಗುವ ಮುಂಚೆ ಟಚ್-ಅಪ್ ಮುಗಿಸಿ. ಬರೀ ಬೂದು ಪ್ರೈಮರ್ ಆದರೆ ಇಷ್ಟು ಅವಸರ ಇಲ್ಲ.