ಸೊಂಟನೋವು, ನೋವಿನ ಮಾತ್ರೆ ಮತ್ತು ಕಿಡ್ನಿ: ಹೊಲದಲ್ಲಿ ದುಡಿಯುವವರು ಗಮನಿಸಬೇಕಾದದ್ದು

ಬಿಸಿಲಿನಲ್ಲಿ ದುಡಿಯುವವರಿಗೆ ಬರುವ ಸೊಂಟನೋವು ಕಿಡ್ನಿ ಕೆಟ್ಟಿರುವುದರ ಗುರುತೇ, ತಂದೆಗೆ ಕಿಡ್ನಿ ವೈಫಲ್ಯವಾಗಿದ್ದರೆ ಮಕ್ಕಳಿಗೂ ಬರುತ್ತದೆಯೇ, ದಿನಕ್ಕೆ ಐದು ಲೀಟರ್ ನೀರು ಕುಡಿದರೆ ತಪ್ಪಿಸಿಕೊಳ್ಳಬಹುದೇ ಎಂದು ತಾವು ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಬಾಗಿ ಏಳುವ ಕೆಲಸದಿಂದ ಬರುವ ಸೊಂಟನೋವು ಸಾಮಾನ್ಯವಾಗಿ ಸ್ನಾಯು ಮತ್ತು ಬೆನ್ನುಮೂಳೆಗೆ ಸಂಬಂಧಿಸಿದ್ದು. ದೀರ್ಘಕಾಲದ ಕಿಡ್ನಿ ಕಾಯಿಲೆಯಾದರೋ ಬಹುಕಾಲ ಯಾವ ನೋವನ್ನೂ ಕೊಡದೆ ಬೆಳೆಯುತ್ತದೆ. ನನಗೆ ಹೆಚ್ಚು ಆತಂಕವಾದದ್ದು ಆ ನೋವಿಗಾಗಿ ದಿನವೂ ಮಾತ್ರೆ ನುಂಗುತ್ತಿರುವುದಾಗಿ ತಾವು ಬರೆದ ಮಾತಿನಿಂದ. ಶರೀರದಲ್ಲಿ ನೀರಿನಂಶ ಕಡಿಮೆಯಾದಾಗ, ಕಿಡ್ನಿಯು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ನೆರವಿನಿಂದ ತನಗೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ರಕ್ತ ಸೋಸುವ ಕೆಲಸವನ್ನು ಹೇಗೋ ನಡೆಸಿಕೊಂಡು ಹೋಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ತಡೆಯುವುದು ಆ ರಾಸಾಯನಿಕವನ್ನೇ. ಆದ್ದರಿಂದ ಬೆವರು ಸುರಿಸಿ ಬಸವಳಿದ ದಿನ, ಅಥವಾ ವಾಂತಿ-ಭೇದಿಯಾದ ದಿನ, ಈ ಮಾತ್ರೆಗಳ ಅಪಾಯ ಹೆಚ್ಚು. ಬಿಪಿಗೆಂದು ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಗುಂಪಿನ ಔಷಧವನ್ನೂ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುವವರಂತೂ ವೈದ್ಯರನ್ನು ಕೇಳದೆ ನೋವಿನ ಮಾತ್ರೆಯನ್ನು ಮುಟ್ಟಬಾರದು. ಹಾಗೆಂದು ಬಿಪಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಸರಿಯಲ್ಲ.

ಒಟ್ಟಾರೆಯಾಗಿ ನೋಡಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆಗೆ ಅತಿ ದೊಡ್ಡ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಹತೋಟಿಗೆ ಬಾರದ ರಕ್ತದೊತ್ತಡ. ಹೃದ್ರೋಗ, ಬೊಜ್ಜು, ಧೂಮಪಾನ, ಅರುವತ್ತು ದಾಟಿದ ವಯಸ್ಸು, ಮರುಕಳಿಸುವ ಮೂತ್ರದ ಕಲ್ಲು, ಪ್ರಾಸ್ಟೇಟ್ ಊತದಿಂದ ಮೂತ್ರಕ್ಕೆ ತಡೆ, ಹಿಂದೊಮ್ಮೆ ಕಿಡ್ನಿ ದಿಢೀರನೆ ಕೈಕೊಟ್ಟಿದ್ದ ಇತಿಹಾಸ, ಇವೂ ಲೆಕ್ಕಕ್ಕೆ ಬರುತ್ತವೆ. ಇನ್ನು ವಂಶದ ಮಾತು: ತಂದೆಯವರಿಗಿದ್ದದ್ದು ಕಿಡ್ನಿಯಲ್ಲಿ ನೀರುಗುಳ್ಳೆಗಳು ಬೆಳೆಯುವ ಪಾಲಿಸಿಸ್ಟಿಕ್ ಕಾಯಿಲೆಯೇ ಎಂದು ಹಳೆಯ ಸ್ಕ್ಯಾನ್ ವರದಿಯಲ್ಲಿ ನೋಡಿ. ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಾದರೆ, ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಬೇರೆ ಕಾರಣವಿದ್ದರೂ ಮಕ್ಕಳಿಗೆ ಅಪಾಯ ಇತರರಿಗಿಂತ ಹೆಚ್ಚೇ, ಆದರೆ ಖಚಿತವೇನಲ್ಲ.

ಬಿಸಿಲಿನ ವಿಷಯವನ್ನೂ ತಳ್ಳಿಹಾಕುವಂತಿಲ್ಲ. ಮಧ್ಯ ಅಮೆರಿಕದ ನಿಕರಾಗುವಾ ಮತ್ತು ಎಲ್ ಸಾಲ್ವಡೋರ್‌ನ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ ಯುವಕರ ಕಿಡ್ನಿಗಳೂ ಹಾಳಾಗಿವೆ. ಕಾರಣದ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲವಾದರೂ, ಸುಡುಬಿಸಿಲಿನಲ್ಲಿ ಮತ್ತೆ ಮತ್ತೆ ನಿರ್ಜಲೀಕರಣವಾಗುವುದು ಮುಖ್ಯ ಶಂಕೆಗಳಲ್ಲಿ ಒಂದು. ಹಾಗಾಗಿ ಕೆಲಸದ ನಡುವೆ ನೆರಳು, ಬಿಡುವು ಮತ್ತು ಬೆವರಿಗೆ ತಕ್ಕಷ್ಟು ನೀರು ಬೇಕೇ ಬೇಕು. ಆದರೆ ಬಾಯಾರಿಕೆಯಿಲ್ಲದೆ ಐದು ಲೀಟರ್ ತುಂಬಿಕೊಂಡರೆ ಕಿಡ್ನಿಗೆ ರಕ್ಷಣೆ ಸಿಗುತ್ತದೆಯೆಂಬುದಕ್ಕೆ ಆಧಾರವಿಲ್ಲ. ಹೃದಯದ ತೊಂದರೆ ಇರುವವರಿಗೆ ಅದು ಹಾನಿಯನ್ನೂ ಮಾಡಬಹುದು.

ತಮ್ಮ ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಕಿಡ್ನಿಯ ಮೂಲಕ ಹೊರಹೋಗುವ ಕಲ್ಮಶ) 1.3 ಎಂದಿದೆ, ಆದರೆ ಅದೊಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಈಗ ಬಳಕೆಯಲ್ಲಿರುವ ಸೂತ್ರಕ್ಕೆ ಹಾಕಿದರೆ, ಇದೇ 1.3ಕ್ಕೆ ಇಪ್ಪತ್ತೈದರ ಯುವಕನ ಇಜಿಎಫ್‌ಆರ್ (ಕಿಡ್ನಿ ಎಷ್ಟು ವೇಗವಾಗಿ ರಕ್ತ ಸೋಸುತ್ತಿದೆ ಎಂಬುದರ ಅಂದಾಜು) ಸುಮಾರು 78 ಬರುತ್ತದೆ, ಅರುವತ್ತರ ಮಹಿಳೆಯದು ಸುಮಾರು 47. ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದು ಮೂರು ತಿಂಗಳಿಗೂ ಮೀರಿ ಹಾಗೆಯೇ ಉಳಿದರೆ ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಇಜಿಎಫ್‌ಆರ್ ಚೆನ್ನಾಗಿದ್ದಾಗಲೂ ಮೂತ್ರದಲ್ಲಿ ಆಲ್ಬ್ಯುಮಿನ್ ಎಂಬ ಪ್ರೋಟೀನ್ ಸೋರುತ್ತಿರಬಹುದು. ಆದ್ದರಿಂದ ಮೂತ್ರದ ಆಲ್ಬ್ಯುಮಿನ್-ಕ್ರಿಯಾಟಿನಿನ್ ಅನುಪಾತದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅದು 30 ಮಿ.ಗ್ರಾಂ./ಗ್ರಾಂ.ಗಿಂತ ಕಡಿಮೆ ಇರಬೇಕು. ರಕ್ತ ಕೊಡುವ ಹಿಂದಿನ ದಿನ ಭಾರೀ ದುಡಿಮೆಯನ್ನೂ ಹೆಚ್ಚು ಮಾಂಸ ತಿನ್ನುವುದನ್ನೂ ತಪ್ಪಿಸಿ, ಏಕೆಂದರೆ ಎರಡರಿಂದಲೂ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರಬಹುದು. ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ವೈದ್ಯರ ಬಳಿಗೆ ಒಯ್ಯಿರಿ.