ಕಲ್ಲಂಗಡಿ ವರದಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವರನ್ನು ‘ರ’ ಎನ್ನೋಣ. ವಯಸ್ಸು 41. ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ, ಖರೀದಿ, ಸ್ಟೋರ್ಸ್ ಮೂರನ್ನೂ ಒಂದೇ ಇಆರ್‌ಪಿ (ಸಂಸ್ಥೆಯ ಎಲ್ಲ ವಿಭಾಗಗಳ ಕೆಲಸವನ್ನು ಒಂದೆಡೆ ನಡೆಸುವ) ತಂತ್ರಾಂಶಕ್ಕೆ ತರುವ ಹೊಣೆ ಅವರದು. “ಹೆಂಡತಿಯ ಒತ್ತಾಯಕ್ಕೆ ಬಂದೆ ಮೇಡಂ” ಎಂದೇ ಮಾತು ಆರಂಭಿಸಿದರು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಹಲ್ಲು ಕಡಿದು ಕಡಿದು ದವಡೆ ನೋವು. ಸೋಮವಾರ ಬಂತೆಂದರೆ ಹೊಟ್ಟೆ ತೊಳಸುತ್ತದೆ.

ಸೋಮವಾರವೇ ಏಕೆ? ಅಂದು ಪ್ರಗತಿ ವರದಿ ಕಳುಹಿಸಬೇಕು. ಪ್ರತಿ ಸಾಲಿನ ಮುಂದೆ ಹಸಿರು, ಹಳದಿ, ಕೆಂಪಿನಲ್ಲೊಂದು ಬಣ್ಣ ಇಡಬೇಕು: ಹಸಿರೆಂದರೆ ಎಲ್ಲ ಸರಿ, ಹಳದಿಯೆಂದರೆ ಎಚ್ಚರಿಕೆ, ಕೆಂಪೆಂದರೆ ತೊಂದರೆ. 11 ವಾರಗಳಿಂದ ಅವರು ಹಸಿರನ್ನೇ ಇಡುತ್ತಿದ್ದರು. “ನಮ್ಮ ಕಡೆ ಇದಕ್ಕೆ ಕಲ್ಲಂಗಡಿ ಎನ್ನುತ್ತಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು.”

ಕೊಯ್ದೇ ನೋಡೋಣ ಎಂದೆ. ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್ 1ಕ್ಕೆ ಹೊಸ ವ್ಯವಸ್ಥೆ ಚಾಲೂ ಎಂದು ಯಜಮಾನರು ಡೀಲರುಗಳ ಮುಂದೆ ಸಾರಿಬಿಟ್ಟಿದ್ದಾರೆ. ಇತ್ತ ಸ್ಟೋರ್ಸ್‌ನ ಪಟ್ಟಿ ಗೋಜಲು. ಒಂದೇ ಬೋಲ್ಟು ‘ಎಂ10 ಬೋಲ್ಟ್’, ‘ಬೋಲ್ಟ್ 10 ಎಂಎಂ’, ‘ಹೆಕ್ಸ್ ಬೋಲ್ಟ್’ ಎಂದು ಮೂರು ಕೋಡಿನಲ್ಲಿ ಕುಳಿತಿದೆ. ಯಾವುದು ಯಾವುದೆಂದು ಬಲ್ಲವರು ನಿವೃತ್ತಿಯ ಅಂಚಿನ ಸ್ಟೋರ್‌ಕೀಪರ್ ಒಬ್ಬರೇ. ಅವರನ್ನು ಒಂದು ಸಭೆಗೂ ಕರೆದಿಲ್ಲ. ಇಡೀ ಕಥೆಯಲ್ಲಿ ನನಗೆ ಸಿಟ್ಟು ಬಂದದ್ದು ಇದಕ್ಕೇ. ಆಪ್ತಸಲಹೆಗಾರರಿಗೆ ಸಿಟ್ಟು ಬರಬಾರದು ಎಂಬುದು ಬೇರೆ ಮಾತು.

ಅವರು ಕೇಳಿದ್ದು ಉಸಿರಾಟದ ಅಭ್ಯಾಸ. ಹೇಳಿಕೊಟ್ಟೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ದಂತವೈದ್ಯರನ್ನು ಕಾಣಿ ಎಂದೂ ಹೇಳಿದೆ. ಆದರೆ ಇಡೀ ಕಾರ್ಖಾನೆ ಹೊರಬೇಕಾದ ಸಂಗತಿಯನ್ನು ಒಬ್ಬರೇ ಹೊತ್ತು ಮಲಗಿದವರಿಗೆ ಉಸಿರಾಟ ಎಷ್ಟು ನೆರವಾದೀತು?

ಎರಡನೆಯ ಭೇಟಿಯಲ್ಲಿ ಅವರೇ ಅಮೆರಿಕದ ಹರ್ಶಿ ಚಾಕೊಲೇಟ್ ಕಂಪನಿಯ ಕಥೆ ತೆಗೆದರು. 48 ತಿಂಗಳು ಹಿಡಿಯುವ ಕೆಲಸವನ್ನು 30 ತಿಂಗಳಿಗೆ ಒತ್ತಿ, 1999ರಲ್ಲಿ ಹ್ಯಾಲೋವೀನ್ ಹಬ್ಬದ ಬೇಡಿಕೆ ಏರುವ ಹೊತ್ತಿಗೇ ಹೊಸ ವ್ಯವಸ್ಥೆ ಚಾಲೂ ಮಾಡಿದರಂತೆ. ಗೋದಾಮಿನಲ್ಲಿ ಮಾಲಿದ್ದೂ ಸುಮಾರು 10 ಕೋಟಿ ಡಾಲರಿನ ಆರ್ಡರುಗಳು ಅಂಗಡಿಗಳನ್ನು ತಲುಪಲಿಲ್ಲ.

“ಇದನ್ನು ಯಜಮಾನರಿಗೆ ಹೇಳಿದ್ದೀರಾ?” ಎಂದೆ. ಅವರು ನೀರಿನ ಲೋಟ ಎತ್ತಿಕೊಂಡರು.

ನಾನು ಕೊಟ್ಟ ಸಲಹೆ ಇಷ್ಟು. ವರದಿಗೆ ಕೆಂಪು ಬಳಿಯುವ ಮೊದಲು ಯಜಮಾನರನ್ನು ಒಂಟಿಯಾಗಿ ಕಾಣಿ. ನಾಲ್ಕು ಜನರೆದುರು ಅವರ ಮಾತು ಬೀಳಬಾರದು. ಮುಚ್ಚಿಟ್ಟದ್ದನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಳ್ಳಿ, ಎರಡನೆಯದು ಬೇಡ. ಆಮೇಲೆ ಒಂದು ಹಾಳೆ ಮುಂದಿಡಿ: ಲೆಕ್ಕಪತ್ರ ಏಪ್ರಿಲ್‌ಗೆ ಹೋಗಬಹುದು, ಸ್ಟೋರ್ಸ್ ಹೋಗಲಾರದು, ಹೋಗಲೇಬೇಕೆಂದರೆ ಏನೇನು ಮುಗಿದಿರಬೇಕು, ಮುಗಿಯದೆ ಹೋದರೆ ಯಾವ ಗಿರಾಕಿಯ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ನಿರ್ಧಾರವನ್ನು ಅವರಿಗೇ ಬಿಡಿ. ಕೊಠಡಿಯಲ್ಲಿ ನಾನೇ ಯಜಮಾನರಾಗಿ ಕುಳಿತು ಮೂರು ಬಾರಿ ಅಭ್ಯಾಸ ಮಾಡಿಸಿದೆ. ಮೊದಲೆರಡು ಬಾರಿ “ಎಲ್ಲ ಸರಿಯಿದೆ ಸರ್” ಎಂದೇ ಅವರ ಬಾಯಿಗೆ ಬಂತು.

ಯಜಮಾನರು ಕೂಗಾಡಿದರಂತೆ. ಮರುದಿನ ಬೆಳಗ್ಗೆ ಸ್ಟೋರ್‌ಕೀಪರರನ್ನು ಕರೆಸಿ ಎರಡು ಗಂಟೆ ಕೂರಿಸಿಕೊಂಡರಂತೆ. ಸ್ಟೋರ್ಸ್ ಭಾಗ ಜುಲೈಗೆ ಹೋಯಿತು. ‘ರ’ ಅವರಿಗೆ ಆ ವರ್ಷದ ಬಡ್ತಿ ತಪ್ಪಿತು. ಈಗಿನ ಭೇಟಿಗಳಲ್ಲಿ ಮಾತೆಲ್ಲ ಅದರ ಬೇಸರದ ಬಗ್ಗೆಯೇ. ಮೂರು ಗಂಟೆಯ ಎಚ್ಚರ ವಾರಕ್ಕೊಮ್ಮೆಗೆ ಇಳಿದಿದೆ.