ದೇಶದಲ್ಲಿ ಎಷ್ಟು ಜೋಡಿ ಹಕ್ಕಿಗಳಿವೆ ಎಂದು ಎಣಿಸುವವರು ಯಾರು?

ಬ್ರಿಟನ್ನಿನಲ್ಲಿ ರೆನ್ ಹಕ್ಕಿಯ ಸುಮಾರು 1.1 ಕೋಟಿ ಜೋಡಿಗಳಿವೆ ಎಂದು ಓದಿ, ಇದನ್ನು ಯಾರು ಎಣಿಸಿದರು ಎಂದು ಕೇಳಿದ್ದೀರಿ. ಅಷ್ಟನ್ನೂ ಯಾರೂ ಎಣಿಸಿಲ್ಲ. ಹಾಗಂತ ಅದು ಸುಮ್ನೆ ಊಹೆಯೂ ಅಲ್ಲ. ನಾನೂ ಕೆಲವು ವರ್ಷ ಹಕ್ಕಿ ಎಣಿಕೆಗೆ ಹೋಗಿದ್ದೇನೆ. ನಿಜವಾದ ಕಷ್ಟ ಇರುವುದು ಕಂಡ ಹಕ್ಕಿಯಲ್ಲಲ್ಲ, ಕಾಣದೆ ಹೋದ ಹಕ್ಕಿಯಲ್ಲಿ.

ಬ್ರಿಟನ್ನಿನ ಹಕ್ಕಿ ಸಮೀಕ್ಷೆ 1994ರಿಂದ ನಡೆಯುತ್ತಿದೆ. ಅದರಲ್ಲಿ ಒಂದು ಕಿಲೋಮೀಟರ್ ಅಗಲದ ಚೌಕಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ನಮಗೇ ಆರಿಸಲು ಬಿಟ್ಟರೆ ಹಕ್ಕಿ ಜಾಸ್ತಿ ಇರುವ ಕಡೆಗೇ ಹೋಗುತ್ತೇವೆ, ಅಲ್ವಾ? ಅದನ್ನು ಇಡೀ ದೇಶಕ್ಕೆ ಗುಣಿಸಿದರೆ ಸಂಖ್ಯೆ ಉಬ್ಬಿಬಿಡುತ್ತದೆ.

ಚೌಕದೊಳಗೆ ಬೆಳಗಿನ ಹೊತ್ತು ನೇರ ದಾರಿ ಹಿಡಿದು ನಡೆಯುತ್ತಾರೆ. ಹಕ್ಕಿ 25 ಮೀಟರ್ ಒಳಗಿತ್ತೋ, 25ರಿಂದ 100ರ ನಡುವೆ ಇತ್ತೋ, ಇನ್ನೂ ಆಚೆಗೋ ಎಂದು ಬರೆದುಕೊಳ್ಳುತ್ತಾರೆ. ಇದು ನನಗೆ ತುಂಬಾ ಇಷ್ಟವಾದ ಉಪಾಯ. ಎರಡನೇ ಪಟ್ಟಿಯ ಅಗಲ 75 ಮೀಟರ್, ಅಂದರೆ ಮೊದಲನೆಯದರ ಮೂರು ಪಟ್ಟು. ಅಲ್ಲಿ ಮೂರು ಪಟ್ಟು ಹಕ್ಕಿ ಸಿಗಬೇಕಿತ್ತು. ಹತ್ತಿರದಲ್ಲಿ ಸಿಕ್ಕಷ್ಟೇ ಅಲ್ಲೂ ಸಿಕ್ಕರೆ, ಮೂರರಲ್ಲಿ ಎರಡು ಪಾಲು ನಮ್ಮ ಕಣ್ಣು ಕಿವಿಗೆ ತಪ್ಪಿದೆ ಎಂದರ್ಥ. ಆ ಲೆಕ್ಕದ ಮೇಲೆ ಸಂಖ್ಯೆಯನ್ನು ತಿದ್ದುತ್ತಾರೆ.

ಕೆಲವು ಹಕ್ಕಿಗೆ ಈ ದಾರಿ ನಡೆಯುವುದಿಲ್ಲ. ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿ ನೆಲದ ಬಿಲದಲ್ಲಿ ಮೊಟ್ಟೆ ಇಡುತ್ತದೆ, ದಡಕ್ಕೆ ಬರುವುದೂ ರಾತ್ರಿ. ಅದಕ್ಕೆ ಬಿಲದ ಬಾಯಲ್ಲಿ ಅದರದೇ ಕೂಗಿನ ರೆಕಾರ್ಡಿಂಗ್ ಹಾಕುತ್ತಾರೆ. ಒಳಗಿನಿಂದ ಉತ್ತರ ಬಂದರೆ ಒಂದು ಗೂಡು. ಆದರೆ ಒಳಗಿದ್ದೂ ಸುಮ್ಮನಿರುವ ಹಕ್ಕಿಗಳಿವೆ. ಹಕ್ಕಿ ಇದೆ ಎಂದು ಖಚಿತವಾದ ಹತ್ತು ಬಿಲಗಳಲ್ಲಿ ನಾಲ್ಕು ಮಾತ್ರ ಉತ್ತರ ಕೊಟ್ಟವು ಎಂದುಕೊಳ್ಳಿ. ಆಗ ಸಿಕ್ಕ ಉತ್ತರಗಳನ್ನೆಲ್ಲ ಎರಡೂವರೆಯಿಂದ ಗುಣಿಸಬೇಕು.

ಇನ್ನು 'ಜೋಡಿ' ಅನ್ನುವ ಮಾತು. ಜೊಂಡಿನಲ್ಲಿ ಅಡಗಿರುವ ಬಿಟರ್ನ್ ಎಂಬ ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ಗುಮ್ಮೆಂದು ಕೂಗುವ ಗಂಡುಗಳನ್ನು ಎಣಿಸುತ್ತಾರೆ. 1997ರಲ್ಲಿ ಬ್ರಿಟನ್ನಿನಲ್ಲಿ ಅಂಥವು 11 ಮಾತ್ರ ಉಳಿದಿದ್ದವು. ಆದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬಹುದು, ಒಂದೂ ಇಲ್ಲದಿರಬಹುದು. 11 ಗಂಡು ಎಂದರೆ 11 ಜೋಡಿ ಅಂತ ಅಲ್ಲ.

ಹಕ್ಕಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ತಿಳಿಯಬೇಕಿದ್ದರೆ ಎರಡು ವರದಿಗಳ ಒಟ್ಟು ಸಂಖ್ಯೆಯನ್ನು ಹೋಲಿಸಬೇಡಿ. ಎಣಿಸುವ ರೀತಿ ಬದಲಾದರೆ ಒಂದು ಹಕ್ಕಿಯೂ ಹುಟ್ಟದೆ ಸಂಖ್ಯೆ ಏರಬಹುದು. ಅದೇ ಚೌಕಗಳಲ್ಲಿ ಅದೇ ರೀತಿ ವರ್ಷವರ್ಷವೂ ಎಣಿಸಿದ ಅಂಕಿಗಳು ಬೇರೆಯಾಗಿ ಸಿಗುತ್ತವೆ. ಅವನ್ನು ನೋಡಿ.